ಕಾರವಾರದ ಪಕ್ಷಿಸ್ಥಾನಗಳೂ ಕುರರಶಬ್ದದ ಅರ್ಥವೂ

೧. ವಿಷಯಪ್ರವೇಶ

ಕಾವ್ಯಪಾಠವನ್ನು ಹೇಳುವವರಿಗೂ ಕೇಳುವವರಿಗೂ ಚಿರಪರಿಚಿತವಾದ ಒಂದು ಮಾತುಂಟು; ಅದು ‘ಪಕ್ಷಿವಿಶೇಷಃ’ ಎಂಬುದು. ಶ್ಲೋಕದಲ್ಲಿ ಕುರರ, ಕಾದಂಬ, ಕಾರಂಡವ, ಟಿಟ್ಟಿಭ ಮೊದಲಾದ ಹೆಸರುಗಳು ಬಂದಾಗ ವ್ಯಾಖ್ಯಾನಕಾರನು ಇದೊಂದು ಪಕ್ಷಿವಿಶೇಷವೆಂದು ಹೇಳಿ ಮುಂದೆ ಸಾಗುವನು. ಉಪಾಧ್ಯಾಯನು ಅದನ್ನೇ ಕನ್ನಡಿಸಿ ‘ಒಂದು ಜಾತಿಯ ಹಕ್ಕಿ’ ಎನ್ನುವನು. ವಿದ್ಯಾರ್ಥಿಯು ಹಾಗೆಯೇ ಬರೆದುಕೊಳ್ಳುವನು. ಆ ಹಕ್ಕಿಯು ಎಲ್ಲಿರುವುದು, ಹೇಗೆ ಕೂಗುವುದು, ಏನನ್ನು ತಿನ್ನುವುದು ಎಂಬ ವಿಚಾರವು ಮೂವರಿಗೂ ಬೇಕಾಗುವುದಿಲ್ಲ. ಆದರೆ ಕವಿಗೆ ಅದು ಬೇಕಾಗಿದ್ದಿತು. ಉಪಮಾನವಾಗಿ ಒಂದು ಹಕ್ಕಿಯನ್ನು ತಂದ ಕವಿಯು ಅದರ ಯಾವುದೋ ಒಂದು ಧರ್ಮವನ್ನು ಮನಸ್ಸಿನಲ್ಲಿಟ್ಟುಕೊಂಡೇ ತಂದಿರುವನು. ಸಾಧಾರಣಧರ್ಮವು ತಿಳಿಯದೆ ಉಪಮೆಯು ತಿಳಿಯುವುದೆಂತು?

ಈ ಕೊರತೆಯನ್ನು ಕೋಶಗಳಿಂದಲೇ ತುಂಬಿಕೊಳ್ಳಲು ಸಾಧ್ಯವಿಲ್ಲ. ಒಂದು ಕೋಶವು ಇನ್ನೊಂದನ್ನು ನೋಡಿ ಬರೆದದ್ದು. ಮೂಲದಲ್ಲಿ ಸಂದೇಹವಿದ್ದರೆ ಅದೇ ಸಂದೇಹವು ಪ್ರಮಾಣವೆಂಬ ವೇಷದಿಂದ ಮುಂದುವರಿಯುವುದು. ಪ್ರತ್ಯಕ್ಷಕ್ಕೆ ಯೋಗ್ಯವಾದ ವಸ್ತುವಿನಲ್ಲಿ ಪ್ರತ್ಯಕ್ಷವೇ ಮೊದಲ ಪ್ರಮಾಣವಾಗಬೇಕು. ಅಂತಹ ಪ್ರತ್ಯಕ್ಷಕ್ಕೆ ಕನ್ನಡನಾಡಿನ ಕರಾವಳಿಯಲ್ಲಿ ಕಾರವಾರದಷ್ಟು ಅನುಕೂಲವಾದ ಸ್ಥಳವು ವಿರಳ. ಅದಕ್ಕೆ ಕಾರಣಗಳು ಎರಡು. ಕಡಲು, ನಡುಗಡ್ಡೆ, ಅಳಿವೆ, ಗಜನಿಗದ್ದೆ, ಸಹ್ಯಾದ್ರಿಯ ದಟ್ಟಡವಿ ಇವೆಲ್ಲವೂ ಇಲ್ಲಿ ಎರಡು ದಿನಗಳ ಸಂಚಾರದೊಳಗೆ ಅಡಗಿವೆ, ಇದು ಒಂದನೆಯದು. ಇಲ್ಲಿಯ ಹಕ್ಕಿಗಳನ್ನು ಕುರಿತ ಲಿಖಿತದಾಖಲೆಯು ಒಂದೂವರೆ ಶತಮಾನದಷ್ಟು ಹಿಂದಕ್ಕೆ ಹೋಗುತ್ತದೆ, ಇದು ಎರಡನೆಯದು. ಪ್ರಕೃತ ಲೇಖನದಲ್ಲಿ ಮೊದಲು ಆ ದಾಖಲೆಯ ಇತಿಹಾಸವನ್ನೂ, ಬಳಿಕ ನೋಡತಕ್ಕ ಸ್ಥಾನಗಳನ್ನೂ ನಿರೂಪಿಸಿ, ಕೊನೆಗೆ ‘ಕುರರ’ ಎಂಬ ಒಂದೇ ಶಬ್ದವನ್ನು ತೆಗೆದುಕೊಂಡು, ಈ ಸ್ಥಾನಗಳ ಪರಿಚಯದಿಂದ ಅದರ ಅರ್ಥನಿರ್ಣಯಕ್ಕೆ ಎಷ್ಟು ನೆರವು ದೊರೆಯುವುದೆಂಬುದನ್ನು ತೋರಿಸಲು ಯತ್ನಿಸುವೆನು.

೨. ಊರು ಮತ್ತು ದಾಖಲೆ

ಈಗಿನ ಕಾರವಾರವು ಬಹಳ ಪ್ರಾಚೀನವಾದ ಊರಲ್ಲ. ಕಾಳೀನದಿಯ ದಡದಲ್ಲಿ ಮೂರು ಮೈಲಿಗಳಷ್ಟು ಪೂರ್ವಕ್ಕಿರುವ ಕಡವಾಡದ ಕಡೆಯದೇ ಹಳೆಯ ಕಾರವಾರ. ಊರಿನ ಹೆಸರು ಬಂದುದೂ ಕಡವಾಡದಿಂದಲೇ ಎಂದು ಹೇಳುವುದುಂಟು. ಕ್ರಿ. ಶ. ೧೬೩೮ರಲ್ಲಿ ಕೋರ್ಟೀನರ ಸಂಘದ ಆಂಗ್ಲವರ್ತಕರು ಇಲ್ಲಿ ಕೋಠಿಯನ್ನು ತೆರೆದರು. ನದೀಮುಖದ ಉತ್ತರದ ಗುಡ್ಡದ ಮೇಲಿರುವ ಸದಾಶಿವಗಡವು ಸೋದೆಯ ಅರಸರು ಕಟ್ಟಿಸಿದ ಕೋಟೆ. ಸಮೀಪದ ಅಂಜದೀವವು ಇವೆಲ್ಲಕ್ಕಿಂತ ಮೊದಲೇ ಚರಿತ್ರೆಯಲ್ಲಿ ಹೆಸರಾದುದು. ೧೪೯೮ರಲ್ಲಿ ವಾಸ್ಕೋ ಡ ಗಾಮನ ಹಡಗುಗಳು ಅಲ್ಲಿ ತಂಗಿದ್ದುವು, ೧೫೦೫ರಲ್ಲಿ ಪೋರ್ಚುಗೀಸರು ಅಲ್ಲಿ ಕೋಟೆಯನ್ನು ಕಟ್ಟಿದರು.

ಪಕ್ಷಿಚರಿತ್ರೆಯ ದೃಷ್ಟಿಯಿಂದ ಮುಖ್ಯವಾದ ವರ್ಷವು ೧೮೬೨. ಆಗ ಕನ್ನಡ ಜಿಲ್ಲೆಯ ಉತ್ತರಭಾಗವು ಮದರಾಸು ಆಧಿಪತ್ಯದಿಂದ ಮುಂಬಯಿ ಆಧಿಪತ್ಯಕ್ಕೆ ಸೇರಿತು. ಬೆಸ್ತರ ಹಳ್ಳಿಯಂತಿದ್ದ ಕಾರವಾರವು ಜಿಲ್ಲೆಯ ಮುಖ್ಯಸ್ಥಳವಾಯಿತು. ಕಲೆಕ್ಟರು, ನ್ಯಾಯಾಧೀಶರು, ಅರಣ್ಯಾಧಿಕಾರಿಗಳು, ಸುಂಕ ಮತ್ತು ಉಪ್ಪಿನ ಇಲಾಖೆಯವರು ಇಲ್ಲಿ ಬಂದು ನೆಲಸಿದರು. ೧೮೮೩ರಲ್ಲಿ ತರುಣನಾಗಿದ್ದ ರವೀಂದ್ರನಾಥ ಠಾಕೂರನು ಇಲ್ಲಿ ತಂಗಿದ್ದುದೂ, ಅಣ್ಣನಾದ ಸತ್ಯೇಂದ್ರನಾಥನು ಇಲ್ಲಿಯ ನ್ಯಾಯಾಧೀಶನಾಗಿದ್ದ ಕಾರಣದಿಂದಲೇ. ಅಧಿಕಾರಿಗಳಲ್ಲಿ ಕೆಲವರಿಗೆ ಕಚೇರಿಯ ಕೆಲಸವು ಮುಗಿದ ಮೇಲೆ ಹಕ್ಕಿ, ಚಿಟ್ಟೆ, ಹುಳುಗಳನ್ನು ನೋಡಿ ಬರೆಯುವ ವ್ಯಸನವಿದ್ದಿತು. ದಾಖಲೆಯು ಹುಟ್ಟಿದ್ದು ಹೀಗೆ.

ಇವರಿಗಿಂತ ಮೊದಲೇ ಬರೆದವರು ಮದರಾಸು ಸೈನ್ಯದ ವೈದ್ಯರಾಗಿದ್ದ ಜೆರ್ಡನ್ ಅವರು. ಭಾರತದ ಪಕ್ಷಿಗಳನ್ನು ಕುರಿತ ಅವರ ಮೂರು ಸಂಪುಟಗಳ ಗ್ರಂಥವು ೧೮೬೨ರಿಂದ ೧೮೬೪ರವರೆಗೆ ಪ್ರಕಟವಾಯಿತು. ಬಾಯಿಯ ಜೊಲ್ಲಿನಿಂದ ಗೂಡು ಕಟ್ಟುವ ಸಣ್ಣ ಬಾನಾಡಿಯ ನೆಲೆಗಳಲ್ಲಿ ಒಂದಾಗಿ ಹೊನ್ನಾವರದ ಕಡೆಯ ಪಾರಿವಾಳದ ದ್ವೀಪವನ್ನು ಅವರು ಹೆಸರಿಸಿದ್ದಾರೆ. ಆಂಗ್ಲನಾವಿಕರು ಹಾಗೆ ಕರೆದ ದ್ವೀಪವು ಭಟ್ಕಳ ತಾಲ್ಲೂಕಿನ ಮುಂದಣ ನೇತ್ರಾಣಿಯೇ. ಮುಂದೆ ೧೮೮೫ರಲ್ಲಿ ರಾಷ್ಟ್ರೀಯ ಮಹಾಸಭೆಯ ಸ್ಥಾಪನೆಗೆ ಕಾರಣರಾದ ಹ್ಯೂಮ್ ಅವರು ೧೮೭೫ರಲ್ಲಿ ಈ ಕರಾವಳಿಯಲ್ಲೂ ಲಖದೀವಗಳಲ್ಲೂ ಹಡಗಿನಲ್ಲಿ ಸಂಚರಿಸಿ, ಮರುವರ್ಷ ತಮ್ಮದೇ ಪತ್ರಿಕೆಯಲ್ಲಿ ಅದರ ವಿವರವನ್ನು ಪ್ರಕಟಿಸಿದರು. ದೇಶದ ರಾಜಕೀಯಚರಿತ್ರೆಯಲ್ಲಿ ಮಾತ್ರ ಅವರನ್ನು ಬಲ್ಲವರು, ಪಕ್ಷಿಶಾಸ್ತ್ರದಲ್ಲಿ ಅವರ ಸ್ಥಾನವು ಅದಕ್ಕೆ ಕಡಿಮೆಯಾದುದಲ್ಲವೆಂಬುದನ್ನು ನೆನೆಯಬೇಕು.

ಕಾರವಾರದಲ್ಲೇ ನೆಲಸಿ ಬರೆದವರು ಮೂವರು. ಸುಂಕ ಮತ್ತು ಉಪ್ಪಿನ ಇಲಾಖೆಯ ಏಟ್ಕೆನ್ ಅವರು, ೧೮೮೩ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾದ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸ್ಥಾಪಕರಲ್ಲಿ ಒಬ್ಬರು. ಹಾಸ್ಯಮಿಶ್ರವಾದ ಅವರ ಪ್ರಬಂಧಗಳಲ್ಲಿ ಈ ಜಿಲ್ಲೆಯ ಕಾಡುಗಳ ಅನುಭವವು ತುಂಬಿದೆ. ಜಿಲ್ಲೆಯ ಕಲೆಕ್ಟರಾಗಿದ್ದ ಡೇವಿಡ್ಸನ್ ಅವರು ಉತ್ತರಕನ್ನಡದ ಪಕ್ಷಿಗಳ ಪಟ್ಟಿಯೊಂದನ್ನು ಆ ಸೊಸೈಟಿಯ ಪತ್ರಿಕೆಯಲ್ಲಿ ೧೮೯೮ರಲ್ಲಿ ಪ್ರಕಟಿಸಿದರು. ಅರಣ್ಯ ಇಲಾಖೆಯ ಬೆಲ್ ಅವರು ಮುಖ್ಯವಾಗಿ ಚಿಟ್ಟೆಪತಂಗಗಳ ವಿದ್ವಾಂಸರು. ನಿವೃತ್ತಿಯ ನಂತರವೂ ಕಾರವಾರವನ್ನು ಬಿಡದೆ ೧೯೪೮ರಲ್ಲಿ ತೀರಿಕೊಂಡರು. ಈ ಮೂವರೂ ಕೂಡಿ ಜಿಲ್ಲೆಯ ಚಿಟ್ಟೆಗಳನ್ನು ಕುರಿತು ಬರೆದ ಲೇಖನಮಾಲೆಯೂ ಪ್ರಸಿದ್ಧವಾದುದು.

ಇಲ್ಲಿ ಇತಿಹಾಸಜ್ಞರು ಗಮನಿಸತಕ್ಕ ಒಂದು ಸಂಗತಿಯಿದೆ. ಕಿಟೆಲ್ ಅವರ ಕನ್ನಡ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು ೧೮೯೪ರಲ್ಲಿ. ಡೇವಿಡ್ಸನ್ ಅವರ ಪಟ್ಟಿಯು ೧೮೯೮ರದು. ಮೋನಿಯರ್ ವಿಲಿಯಮ್ಸ್ ಅವರ ಸಂಸ್ಕೃತಕೋಶದ ಪರಿಷ್ಕೃತ ಮುದ್ರಣವು ೧೮೯೯ರದು. ಒಂದೇ ಕರಾವಳಿಯ ಎರಡು ಊರುಗಳಲ್ಲಿ, ಬಹುಮಟ್ಟಿಗೆ ಒಂದೇ ಕಾಲದಲ್ಲಿ, ಒಬ್ಬರು ಹಕ್ಕಿಯ ಹೆಸರುಗಳನ್ನೂ ಇನ್ನೊಬ್ಬರು ಹಕ್ಕಿಗಳನ್ನೂ ಸಂಗ್ರಹಿಸುತ್ತಿದ್ದರು. ಆ ಎರಡು ಸಂಗ್ರಹಗಳೂ ಒಂದರೊಡನೊಂದು ಕೂಡಲಿಲ್ಲ. ಅಧಿಕಾರಿಗಳು ಲ್ಯಾಟಿನ್ ನಾಮಗಳನ್ನೂ ಮೊಟ್ಟೆಯಿಡುವ ತಿಂಗಳುಗಳನ್ನೂ ಬರೆದರು. ಕವಿಗಳು ಆ ಹಕ್ಕಿಯನ್ನು ಏನೆಂದು ಕರೆದರೆಂಬುದು ಅವರ ಪ್ರಶ್ನೆಯಾಗಿರಲಿಲ್ಲ. ಪಂಡಿತರು ಶಬ್ದಗಳನ್ನು ಕಂಠಸ್ಥ ಮಾಡಿಕೊಂಡರು. ಹೊಳೆಯ ದಡಕ್ಕೆ ಹೋಗಲಿಲ್ಲ. ಸಂಸ್ಕೃತದ ಪಕ್ಷಿನಾಮಗಳನ್ನು ಪಕ್ಷಿಶಾಸ್ತ್ರದೊಡನೆ ಸಮಗ್ರವಾಗಿ ಹೋಲಿಸಿದ ಕೆ. ಎನ್. ದವೆಯವರ ಗ್ರಂಥವು ಹೊರಬರಲು ೧೯೮೫ರವರೆಗೆ ಕಾಯಬೇಕಾಯಿತು. ನಮ್ಮ ಪಾಠಶಾಲೆಗಳಲ್ಲಿ ಅದರ ಉಪಯೋಗವು ಇನ್ನೂ ಸ್ವಲ್ಪವೇ.

೩. ನೋಡತಕ್ಕ ಸ್ಥಾನಗಳು

ಇನ್ನು ಸ್ಥಾನಗಳ ವಿಚಾರ. ಭಾದ್ರಪದದಿಂದ ಫಾಲ್ಗುನದವರೆಗೆ, ಎಂದರೆ ಸೆಪ್ಟೆಂಬರಿನಿಂದ ಮಾರ್ಚಿಯವರೆಗೆ, ಉತ್ತರದೇಶಗಳಿಂದ ವಲಸೆ ಬರುವ ಹಕ್ಕಿಗಳು ಇಲ್ಲಿರುವುವು; ಆದುದರಿಂದ ಅದೇ ಉತ್ತಮಕಾಲ. ಕಡಲತಡಿಯಲ್ಲೂ ಅಳಿವೆಯಲ್ಲೂ ಗಡಿಯಾರಕ್ಕಿಂತ ನೀರಿನ ಉಬ್ಬರವಿಳಿತಗಳೇ ಮುಖ್ಯ. ಇಳಿತದಲ್ಲಿ ಕೆಸರುದಿಣ್ಣೆಗಳು ಮೇಲೆದ್ದಾಗ ಹಕ್ಕಿಗಳು ಮೇಯಲು ಹರಡಿಕೊಳ್ಳುವುವು. ಉಬ್ಬರವೇರಿದಾಗ ಎತ್ತರದ ಮರಳಿನ ಮೇಲೆ ಗುಂಪುಗೂಡುವುವು. ನೀರು ಏರತೊಡಗುವ ಹೊತ್ತಿಗೆ ಹೋದವನಿಗೆ ಎರಡೂ ಕಾಣಸಿಗುವುವು.

(ಅ) ಕಾಳಿಯ ಅಳಿವೆ. ದಕ್ಷಿಣದ ದಡದಲ್ಲಿ ಕೋಡಿಬಾಗ, ಉತ್ತರದಲ್ಲಿ ಸದಾಶಿವಗಡ ಮತ್ತು ದೇವಬಾಗದ ಮರಳು. ಸಹ್ಯಾದ್ರಿಯಲ್ಲಿ ಹುಟ್ಟಿದ ಕಾಳಿಯು ಇಲ್ಲಿ ಅಗಲವಾಗಿ ಕಡಲನ್ನು ಸೇರುತ್ತದೆ. ಕಡಲಕಾಗೆಗಳೂ, ಕವಲುಬಾಲದ ರೀವಗಳೂ ಚಳಿಗಾಲದಲ್ಲಿ ಮರಳುದಿಣ್ಣೆಗಳ ಮೇಲೆ ಗಾಳಿಗೆ ಮುಖಮಾಡಿ ಸಾಲಾಗಿ ಕುಳಿತಿರುವುದನ್ನು ನೋಡಬಹುದು. ರೀವವು ಮೇಲಿನಿಂದ ತಲೆಕೆಳಗಾಗಿ ನೀರಿಗೆ ಬಿದ್ದು ಮೀನನ್ನೆತ್ತುವುದು. ಕಡಲಕಾಗೆಯು ಹಾಗೆ ಮಾಡದೆ ಅನೇಕವೇಳೆ ರೀವವನ್ನಟ್ಟಿಸಿಕೊಂಡು ಹೋಗಿ ಅದರ ಮೀನನ್ನು ಬೀಳಿಸಿಕೊಳ್ಳುವುದು. ಅಲೆಯ ಅಂಚಿನಲ್ಲಿ ಓಡುತ್ತ ನಿಲ್ಲುತ್ತ ಇರುವ ಪುಟ್ಟ ಗೊರವಗಳೂ, ಡೊಂಕುಕೊಕ್ಕಿನ ದೊಡ್ಡ ಗೊರವಗಳೂ ಇಲ್ಲಿ ಕಾಣುವುವು. ನೀರಿನಲ್ಲಿ ನೆಟ್ಟ ಗಳುಗಳ ಮೇಲೆ ಮೀನುಡೇಗೆಯು ಕುಳಿತಿರುವುದುಂಟು. ಇದನ್ನು ಕುರಿತು ಮುಂದೆ ಹೇಳುವೆನು.

(ಆ) ಬೈತಖೋಲದ ಬಂದರು ಮತ್ತು ಬಂಡೆಗಳು. ಊರಿನ ದಕ್ಷಿಣದ ತುದಿಯಲ್ಲಿರುವ ಈ ಮೀನುಬಂದರಿನಲ್ಲಿ ದೋಣಿಗಳು ಮರಳುವ ಹೊತ್ತಿಗೆ ಗರುಡಗಳ ಹಿಂಡೇ ನೆರೆಯುವುದು. ಬಿಳಿಯ ಕತ್ತು, ಕಾವಿಬಣ್ಣದ ಮೈಯುಳ್ಳ ಈ ಹಕ್ಕಿಯನ್ನು ಕಂಡು ಕೈಮುಗಿಯುವ ರೂಢಿಯು ನಮ್ಮಲ್ಲಿ ಎಲ್ಲೆಡೆಯೂ ಇದೆ. ಸಮೀಪದ ಬಂಡೆಗಳ ಮೇಲೆ ಇನ್ನೊಂದು ಹಕ್ಕಿಯನ್ನು ವಿಶೇಷವಾಗಿ ನೋಡಬೇಕು. ಆಕಾರದಲ್ಲಿ ಬೆಳ್ಳಕ್ಕಿಯೇ, ಬಣ್ಣವು ಮಾತ್ರ ಕಪ್ಪುಗಲ್ಲಿನದು, ಗಂಟಲಲ್ಲಿ ಬಿಳಿಯ ಮಚ್ಚೆ, ಹಳದಿಯ ಪಾದ. ಇದರಲ್ಲೇ ಅಚ್ಚಬಿಳಿಯವೂ ಉಂಟು. ಒಂದೇ ಜಾತಿಗೆ ಎರಡು ವರ್ಣಗಳು. ಬಕವೆಂದರೆ ಬೆಳ್ಳಗಿರುವುದೆಂಬ ಕವಿಸಮಯವು ಒಳನಾಡಿನ ಕೆರೆಗಳನ್ನು ಕಂಡವರದೆಂಬುದು ಇಲ್ಲಿ ಒಡನೆಯೇ ಮನಸ್ಸಿಗೆ ಬರುವುದು.

(ಇ) ನಡುಗಡ್ಡೆಗಳು. ದೀಪಸ್ತಂಭವಿರುವ ದೇವಗಡ, ನರಸಿಂಹದೇವಾಲಯವಿರುವ ಕೂರ್ಮಗಡ, ಮತ್ತು ಅಂಜದೀವ. ಪುಷ್ಯಮಾಸದ ಜಾತ್ರೆಗೆ ಜನರು ದೋಣಿಗಳಲ್ಲಿ ಕೂರ್ಮಗಡಕ್ಕೆ ಹೋಗುವರು. ಈ ಕಡಲ ಪ್ರಧಾನಪಕ್ಷಿಯೆಂದರೆ ಬಿಳಿಹೊಟ್ಟೆಯ ಕಡಲಹದ್ದು. ಬಿಳಿಯ ತಲೆ ಮತ್ತು ಹೊಟ್ಟೆ, ಬೂದಿಬಣ್ಣದ ಬೆನ್ನು, ಬೆಣೆಯಂತಹ ಗಿಡ್ಡಬಾಲ. ಮೀನನ್ನೂ ಕಡಲಹಾವನ್ನೂ ತಿನ್ನುವುದು. ಎತ್ತರದ ಮರದಲ್ಲಿ ಕಡ್ಡಿಗಳ ದೊಡ್ಡ ಅಟ್ಟಣೆಯಂತಹ ಗೂಡನ್ನು ಕಟ್ಟಿ, ವರ್ಷವರ್ಷವೂ ಅದನ್ನೇ ದುರಸ್ತಿಮಾಡಿಕೊಂಡು ಉಪಯೋಗಿಸುವುದು. ಗಂಡುಹೆಣ್ಣುಗಳು ಒಂದಕ್ಕೊಂದು ಉತ್ತರವೆಂಬಂತೆ ಗಟ್ಟಿಯಾಗಿ ಕೂಗುವುವು. ಆ ಕೂಗು ಅಲೆಗಳ ಮೊರೆತವನ್ನು ಮೀರಿ ದೂರಕ್ಕೆ ಕೇಳುವುದು. ಅಂಜದೀವವು ಗೋವೆಗೆ ಸೇರಿದುದಾದರೂ ನೌಕಾಪಡೆಯ ವಶದಲ್ಲಿದೆ, ಅಲ್ಲಿಗೆ ಹೋಗುವಂತಿಲ್ಲ.

(ಈ) ಕಡವಾಡದ ಗಜನಿ ಮತ್ತು ಕಾಂಡ್ಲಕಾಡು. ಉಪ್ಪುನೀರಿನ ಅಂಚಿನಲ್ಲಿ ಬೇರುಗಳನ್ನು ಮೇಲೆತ್ತಿ ನಿಂತ ಕಾಂಡ್ಲಗಿಡಗಳ ನೆರಳಿನಲ್ಲಿ ಹಲವು ಬಗೆಯ ಮಿಂಚುಳ್ಳಿಗಳು, ನೀರುಕಾಗೆಗಳು, ಇರುಳುಬಕಗಳು ಇರುವುವು. ಗದ್ದೆಯ ಬದುಗಳಲ್ಲಿ ಟಿಟ್ಟಿಭವು ಬೇಕಾದಷ್ಟಿದೆ. ಕಣ್ಣಿನ ಮುಂದೆ ಕೆಂಪುಚರ್ಮವುಳ್ಳ ಈ ಹಕ್ಕಿಯು ಮನುಷ್ಯನು ಹತ್ತಿರ ಬಂದೊಡನೆಯೇ ಕೂಗಿ ಊರಿಗೆಲ್ಲ ತಿಳಿಸುವುದು. ಗೂಡು ಕಟ್ಟದೆ ಬರಿನೆಲದಲ್ಲಿ ಕಲ್ಲಿನ ಬಣ್ಣದ ಮೊಟ್ಟೆಗಳನ್ನಿಡುವುದು ಇದರ ಸ್ವಭಾವ. ಕಡಲು ಟಿಟ್ಟಿಭದ ಮೊಟ್ಟೆಗಳನ್ನು ಅಪಹರಿಸಿದ ಪಂಚತಂತ್ರದ ಕಥೆಗೆ ಈ ಸ್ವಭಾವವೇ ಆಧಾರ. ಮರದಲ್ಲಿ ಗೂಡುಕಟ್ಟುವ ಹಕ್ಕಿಯನ್ನು ಇಟ್ಟು ಆ ಕಥೆಯನ್ನು ಹೇಳಲು ಬರುತ್ತಿರಲಿಲ್ಲ. ಕಥೆಗಾರನು ನೋಡಿಯೇ ಆರಿಸಿದನು.

(ಉ) ಕದ್ರಾ ಮತ್ತು ಅಣಶಿಯ ಘಟ್ಟ. ಕಾಳಿಯ ಕಣಿವೆಯನ್ನು ಹಿಡಿದು ಜೋಯಿಡಾದ ಕಡೆಗೆ ಏರುವ ದಾರಿಯಲ್ಲಿ ಪ್ರಕೃತಿಯು ಪೂರ್ಣವಾಗಿ ಬದಲಾಗುವುದು. ೧೯೮೭ರಲ್ಲಿ ರಾಷ್ಟ್ರೀಯ ಉದ್ಯಾನವಾದ ಅಣಶಿಯು ೨೦೦೭ರಲ್ಲಿ ದಾಂಡೇಲಿಯೊಡನೆ ಕೂಡಿ ಹುಲಿಸಂರಕ್ಷಣಾಪ್ರದೇಶವಾಯಿತು; ೨೦೧೫ರಲ್ಲಿ ಅದಕ್ಕೆ ಕಾಳಿಯ ಹೆಸರು ಬಂದಿತು. ಮಂಗಟ್ಟೆಹಕ್ಕಿಗಳ ನಾಲ್ಕು ಜಾತಿಗಳೂ ಈ ಜಿಲ್ಲೆಯಲ್ಲಿವೆ. ಹೆಣ್ಣು ಮಂಗಟ್ಟೆಯು ಮರದ ಪೊಟರೆಯೊಳಗೆ ಸೇರಿ ಬಾಯಿಯನ್ನು ಮೆತ್ತಿ ಮುಚ್ಚಿಕೊಳ್ಳುವುದು. ಗಂಡು ಕಿರಿದಾದ ಸೀಳಿನ ಮೂಲಕ ಹಣ್ಣುಗಳನ್ನು ತಂದುಕೊಡುವುದು. ಆ ಗಂಡು ಸತ್ತರೆ ಒಳಗಿನ ಸಂಸಾರಕ್ಕೇ ಆಪತ್ತು.

(ಊ) ದೂರದ ಎರಡು ಸ್ಥಾನಗಳು. ಸಮಯವುಳ್ಳವರು ಕುಮಟೆಯ ಬಳಿಯ ಅಘನಾಶಿನಿಯ ಅಳಿವೆಯನ್ನು ತಪ್ಪದೆ ನೋಡಬೇಕು. ಈ ನದಿಗೆ ಅಡ್ಡಲಾಗಿ ದೊಡ್ಡ ಅಣೆಕಟ್ಟುಗಳಿಲ್ಲ. ಉಪ್ಪುನೀರನ್ನು ತಡೆದುಕೊಳ್ಳುವ ಕಗ್ಗಭತ್ತವನ್ನು ಇಲ್ಲಿಯ ಗಜನಿಗಳಲ್ಲಿ ಬೆಳೆಯುವರು. ಭತ್ತದ ಕಾಲವು ಮುಗಿದ ಮೇಲೆ ಅಲ್ಲೇ ಮೀನುಸಿಗಡಿಗಳು ಬೆಳೆಯುವುವು. ಅವುಗಳನ್ನರಸಿ ಹಕ್ಕಿಗಳು ಬರುವುವು. ೨೦೨೪ರ ಜನವರಿಯಲ್ಲಿ ಪ್ರಕಟವಾದಂತೆ ಈ ಅಳಿವೆಯು ರಾಮ್‌ಸಾರ್ ಒಪ್ಪಂದದ ಪಟ್ಟಿಗೆ ಸೇರಿತು. ಎರಡನೆಯದು ಮೇಲೆ ಹೇಳಿದ ನೇತ್ರಾಣಿ; ಮುರುಡೇಶ್ವರದಿಂದ ದೋಣಿಯಲ್ಲಿ ಹೋಗತಕ್ಕದ್ದು.

೪. ಕುರರವಿಚಾರ

ಈಗ ಪ್ರಸ್ತುತವಾದ ಶಬ್ದಕ್ಕೆ ಬರೋಣ. ಅಮರಸಿಂಹನು ಸಿಂಹಾದಿವರ್ಗದಲ್ಲಿ ಕುರರಕ್ಕೆ ಉತ್ಕ್ರೋಶವೆಂಬ ಪರ್ಯಾಯವನ್ನು ಕೊಟ್ಟಿರುವನು. ಆಪ್ಟೆ, ಮೋನಿಯರ್ ವಿಲಿಯಮ್ಸ್ ಮೊದಲಾದ ಆಧುನಿಕಕೋಶಕಾರರು ಇದನ್ನು ಆಂಗ್ಲರು ಆಸ್ಪ್ರೇ ಎನ್ನುವ ಮೀನುಡೇಗೆ ಎಂದಿರುವರು. ಕುರರವೆಂದರೆ ಮೀನುಡೇಗೆಯೇ ಎಂಬುದು ಪೂರ್ವಪಕ್ಷ.

ಇದಕ್ಕೆ ಮೊದಲನೆಯ ಆಕ್ಷೇಪವು ಶಬ್ದದಿಂದಲೇ ಹುಟ್ಟುವುದು. ಧಾತುಪಾಠದ ತುದಾದಿಗಣದಲ್ಲಿ ಕುರಧಾತುವಿಗೆ ಶಬ್ದಮಾಡುವುದೆಂಬ ಅರ್ಥವಿದೆ; ಉತ್ಕ್ರೋಶವೆಂದರೆ ಗಟ್ಟಿಯಾಗಿ ಕೂಗುವುದು. ಎರಡು ಹೆಸರುಗಳೂ ಬಂದದ್ದು ಕೂಗಿನಿಂದ. ಹಾಗಾದರೆ ಆ ಹಕ್ಕಿಯು ಬೇಟೆಗಿಂತ ಮೊದಲು ಕೂಗಿನಿಂದಲೇ ಜನರಿಗೆ ಪರಿಚಿತವಾದುದಾಗಿರಬೇಕು. ಕಾಳಿಯ ಅಳಿವೆಯಲ್ಲಿ ಮೀನುಡೇಗೆಯನ್ನು ನೋಡಿದವರು ಈ ವಿಷಯದಲ್ಲಿ ಸಾಕ್ಷಿ ಹೇಳಬಲ್ಲರು. ಅದು ಚಳಿಗಾಲದ ಅತಿಥಿ. ಗೂಡೂ ಮರಿಯೂ ದೂರದೇಶದಲ್ಲಿ. ಗಳುವಿನ ಮೇಲೆ ಗಂಟೆಗಟ್ಟಲೆ ಕುಳಿತಿರುವುದು, ಎದ್ದು ನೀರಿನ ಮೇಲೆ ರೆಕ್ಕೆಬಡಿಯುತ್ತ ನಿಂತು ಕಾಲುಗಳನ್ನು ಮುಂದೆ ಚಾಚಿ ಧುಮುಕುವುದು, ಮೀನನ್ನು ತಲೆ ಮುಂದಾಗಿ ಹಿಡಿದುಕೊಂಡು ಹಾರುವುದು; ಇಷ್ಟನ್ನೂ ಬಹುಮಟ್ಟಿಗೆ ಮೌನವಾಗಿಯೇ ನಡೆಸುವುದು. ಇಂತಹ ಹಕ್ಕಿಗೆ ಉತ್ಕ್ರೋಶವೆಂಬ ಹೆಸರು ಹೇಗೆ ಬಂದೀತು?

ಅದೇ ಅಳಿವೆಯಿಂದ ನಡುಗಡ್ಡೆಯ ಕಡೆಗೆ ಹೋದರೆ ಉತ್ತರವು ದೊರೆಯುವುದು. ಕಡಲಹದ್ದು ಕೂಗಿನಿಂದಲೇ ತಿಳಿಯತಕ್ಕ ಹಕ್ಕಿ. ಉತ್ತರಭಾರತದ ದೊಡ್ಡ ನದಿಗಳ ಮೇಲೆ ಇದರ ಬಂಧುವಾದ ಇನ್ನೊಂದು ಮೀನುಹದ್ದು ಇದೆ. ಅದರ ಕೂಗಿನ ಅಬ್ಬರವೂ ಪ್ರಸಿದ್ಧವಾದುದೇ. ಅಮರನ ಉತ್ಕ್ರೋಶವು ಈ ಬಂಧುವರ್ಗದ ಹದ್ದೆಂದು ಹೇಳುವುದೇ ಶಬ್ದಾರ್ಥಕ್ಕೆ ಒಪ್ಪುವುದು.

ಆದರೆ ಇಷ್ಟಕ್ಕೇ ನಿಲ್ಲುವಂತಿಲ್ಲ. ಭಾಗವತದ ಏಕಾದಶಸ್ಕಂಧದಲ್ಲಿ ಅವಧೂತನು ಇಪ್ಪತ್ತುನಾಲ್ಕು ಗುರುಗಳನ್ನು ಹೇಳುವಾಗ ಕುರರವನ್ನೂ ಎಣಿಸುವನು. ಮಾಂಸವನ್ನು ಹಿಡಿದಿದ್ದ ಕುರರವನ್ನು ಮಾಂಸವಿಲ್ಲದ ಬಲಿಷ್ಠರಾದ ಇತರರು ಹೊಡೆದುವು. ಅದು ಮಾಂಸವನ್ನು ಬಿಟ್ಟು ಸುಖವನ್ನು ಪಡೆಯಿತು. ಪರಿಗ್ರಹವೇ ದುಃಖಮೂಲವೆಂಬುದು ಅಲ್ಲಿಯ ಉಪದೇಶ. ಇಲ್ಲಿ ಕುರರವು ಬಲಿಷ್ಠವಲ್ಲ, ಬಲಿಷ್ಠರಿಂದ ಪೀಡಿತವಾದುದು. ಕಡಲಹದ್ದಾಗಲಿ ಅದರ ಬಂಧುವಾಗಲಿ ನೀರಿನ ಮೇಲಣ ಬೇಟೆಗಾರರಲ್ಲಿ ಎಲ್ಲರಿಗಿಂತ ಬಲಿಷ್ಠ. ಅವು ಇತರರಿಂದ ಕಿತ್ತುಕೊಳ್ಳುವುವು. ಅವುಗಳಿಂದ ಮೀನನ್ನು ಕಳೆದುಕೊಳ್ಳುವವರಲ್ಲಿ ಮುಖ್ಯವಾದುದು ಮೀನುಡೇಗೆಯೇ. ದೊಡ್ಡ ಹದ್ದು ಬೆನ್ನಟ್ಟಿದಾಗ ಡೇಗೆಯು ಮೀನನ್ನು ಬಿಟ್ಟುಬಿಡುವುದು, ಬಿಟ್ಟೊಡನೆಯೇ ಅದರ ಬೆನ್ನಟ್ಟುವಿಕೆಯು ನಿಲ್ಲುವುದು. ಅವಧೂತನ ಉಪದೇಶಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತವು ಬೇರೆ ಬೇಕೆ? ಆದುದರಿಂದ ಭಾಗವತದ ಕುರರವು ಮೀನುಡೇಗೆಯೆಂಬ ಪೂರ್ವಪಕ್ಷವನ್ನು ಅಷ್ಟರಮಟ್ಟಿಗೆ ಒಪ್ಪತಕ್ಕದ್ದೇ.

ಮೂರನೆಯ ಪ್ರಯೋಗವು ಕಾಳಿದಾಸನದು. ರಘುವಂಶದ ಹದಿನಾಲ್ಕನೆಯ ಸರ್ಗದಲ್ಲಿ, ಲಕ್ಷ್ಮಣನು ಬಿಟ್ಟುಹೋದ ಸೀತೆಯ ರೋದನಕ್ಕೆ ಕುರರಿಯು ಉಪಮಾನ. ವಿಕ್ರಮೋರ್ವಶೀಯದ ಪ್ರಾರಂಭದಲ್ಲಿಯೂ ಅಪ್ಸರಸ್ತ್ರೀಯರ ಆರ್ತನಾದಕ್ಕೆ ಕುರರಿಗಳ ಧ್ವನಿಯ ಹೋಲಿಕೆಯಿದೆ. ಇಲ್ಲಿ ಹದ್ದಿನ ಅಬ್ಬರವು ಸಲ್ಲದು. ಡೇಗೆಯ ಮೌನವು ಮೊದಲೇ ಸಲ್ಲದು. ಹೆದರಿದ, ನೆಲೆತಪ್ಪಿದ, ಬಿಟ್ಟೂಬಿಡದೆ ಹೊಮ್ಮುವ ಸ್ತ್ರೀಕಂಠದ ಗೋಳು ಬೇಕು. ಹಿಂದಿಯಲ್ಲಿ ಇಂದಿಗೂ ಕುರರಿಯೆಂಬುದು ರೀವಕ್ಕೆ ಸಲ್ಲುವ ಹೆಸರು. ನದಿರೀವಗಳು ಬೇಸಗೆಯಲ್ಲಿ ಹೊಳೆಯ ನಡುವಣ ಮರಳುದಿಣ್ಣೆಗಳ ಮೇಲೆ ಗುಂಪಾಗಿ ಮೊಟ್ಟೆಯಿಡುವುವು. ಮನುಷ್ಯನು ಅತ್ತ ಸುಳಿದರೆ ಎಲ್ಲವೂ ಮೇಲೆದ್ದು ತಲೆಯ ಮೇಲೆ ಸುತ್ತುತ್ತ ಗೋಳಿಡುವುವು. ಸೀತೆಯನ್ನು ಬಿಟ್ಟ ಸ್ಥಳವು ಗಂಗೆಯಾಚೆಯ ದಡ. ಗಂಗೆಯ ಮರಳುದಿಣ್ಣೆಗಳು ನದಿರೀವಗಳ ಸಹಜವಾದ ನೆಲೆ. ಕವಿಯು ದೇಶಕ್ಕೆ ತಕ್ಕ ಹಕ್ಕಿಯನ್ನೇ ತಂದಿರುವನು. ನೆಲದ ಮೇಲಿನ ಗೂಡು, ಒಡಲಿನೊಳಗಿನ ಮಗು, ಆಶ್ರಯವಿಲ್ಲದ ತಾಯಿ ಎಂಬ ಧ್ವನಿಯೂ ಆಗ ಉಪಮೆಗೆ ಸೇರುವುದು. ‘ಪಕ್ಷಿವಿಶೇಷಃ’ ಎಂದು ಬಿಟ್ಟಲ್ಲಿ ಈ ಧ್ವನಿಯೆಲ್ಲ ಲುಪ್ತವಾಗುವುದು.

ಹೀಗೆ ಒಂದೇ ಶಬ್ದವು ಕೋಶದಲ್ಲಿ ಹದ್ದಾಗಿಯೂ, ಪುರಾಣದಲ್ಲಿ ಡೇಗೆಯಾಗಿಯೂ, ಕಾವ್ಯದಲ್ಲಿ ರೀವವಾಗಿಯೂ ನಿಲ್ಲುವುದು. ಇದರಲ್ಲಿ ಆಶ್ಚರ್ಯವಿಲ್ಲ. ಮೂರೂ ನೀರಿನ ಮೇಲೆ ಹಾರಿ ಮೀನನ್ನು ಹಿಡಿಯುವ ಹಕ್ಕಿಗಳೇ. ವಿಶಾಲವಾದ ದೇಶದಲ್ಲಿ ದೀರ್ಘಕಾಲ ಬಳಕೆಯಲ್ಲಿದ್ದ ಹೆಸರು ಒಂದರಿಂದೊಂದಕ್ಕೆ ಸರಿದಿರುವುದು ಸಹಜವೇ. ಆದುದರಿಂದ ಕುರರಕ್ಕೆ ಒಂದೇ ಅರ್ಥವನ್ನು ಎಲ್ಲೆಡೆಯೂ ಹಚ್ಚದೆ, ಪ್ರಯೋಗವನ್ನು ನೋಡಿ ನಿರ್ಣಯಿಸಬೇಕೆಂಬುದು ನನ್ನ ಸಿದ್ಧಾಂತ. ಈ ಮೂರರಲ್ಲಿ ಮೊದಲ ಎರಡನ್ನು ಕಾರವಾರದಲ್ಲಿ ಪರೀಕ್ಷಿಸಬಹುದು. ಮೂರನೆಯದಕ್ಕೆ ಒಳನಾಡಿಗೆ ಬರಬೇಕು. ಕಡಲತಡಿಯ ರೀವಗಳು ಬಹುಪಾಲು ಚಳಿಗಾಲದ ವಲಸೆಗಾರರಾದುದರಿಂದ ಅವುಗಳ ಗೂಡಿನ ಗೋಳು ಇಲ್ಲಿ ಕೇಳಿಸದು. ಭದ್ರಾಜಲಾಶಯದ ನಡುಗಡ್ಡೆಗಳಲ್ಲೂ ರಂಗನತಿಟ್ಟಿನ ಬಂಡೆಗಳಲ್ಲೂ ನದಿರೀವಗಳು ಮರಿಮಾಡುವುವು. ಅಲ್ಲಿ ಕಾಳಿದಾಸನ ಉಪಮಾನವನ್ನು ಕಿವಿಯಾರ ಕೇಳಬಹುದು.

೫. ಸ್ಥಾನಗಳ ಇಂದಿನ ಸ್ಥಿತಿ

ಗ್ರಂಥಗಳು ಕೆಟ್ಟರೆ ಪ್ರತಿಯೆತ್ತಬಹುದು. ಸ್ಥಾನಗಳು ಕೆಟ್ಟರೆ ಹಾಗೆ ಮಾಡಲಾಗದು. ಡೇವಿಡ್ಸನ್ ಅವರು ಕಂಡ ಕಾಳಿಯು ಈಗ ಹಾಗೆಯೇ ಉಳಿದಿಲ್ಲ. ಸೂಪಾ, ಕೊಡಸಳ್ಳಿ, ಕದ್ರಾಗಳ ಅಣೆಕಟ್ಟುಗಳಾದ ಮೇಲೆ ನದಿಯ ನೀರು ವಿದ್ಯುದಾಗಾರಗಳ ಅಗತ್ಯವನ್ನನುಸರಿಸಿ ಹರಿಯುತ್ತದೆ. ಅಳಿವೆಗೆ ಬಂದು ದಿಣ್ಣೆಯಾಗಬೇಕಾದ ಹೂಳು ಜಲಾಶಯಗಳಲ್ಲೇ ನಿಲ್ಲುತ್ತದೆ. ೨೦೦೫ರಲ್ಲಿ ಕದಂಬ ನೌಕಾನೆಲೆಯು ಸ್ಥಾಪಿತವಾದ ನಂತರ ಬಿಣಗಾ ಅರ್ಗಾಗಳ ಕಡಲತಡಿಯು ಸಾಮಾನ್ಯರಿಗೆ ಮುಚ್ಚಿದೆ. ರಾಷ್ಟ್ರರಕ್ಷಣೆಯ ಅಗತ್ಯವನ್ನು ಯಾರೂ ಅಲ್ಲಗಳೆಯಲಾರರು. ಜನಸಂಚಾರವಿಲ್ಲದೆಡೆಯಲ್ಲಿ ಹಕ್ಕಿಗಳಿಗೆ ನೆಮ್ಮದಿಯುಂಟಾಗುವುದೂ ಉಂಟು. ಆದರೆ ನೇತ್ರಾಣಿಯು ನೌಕಾಪಡೆಯ ಗುಂಡಿನ ಅಭ್ಯಾಸಕ್ಕೆ ಗುರಿಯಾಗಿದ್ದುದನ್ನು ಪ್ರಕೃತಿಪ್ರಿಯರು ವಿರೋಧಿಸಿದ್ದು ಸರಿಯಾಗಿಯೇ ಇದ್ದಿತು. ಕಾರವಾರದ ಬಂದರನ್ನು ವಿಸ್ತರಿಸುವ ಯೋಜನೆಗೆ ೨೦೨೦ರಲ್ಲಿ ಮೀನುಗಾರರೇ ಅಡ್ಡನಿಂತರು. ಅವರ ಜೀವನವೂ ಹಕ್ಕಿಗಳ ಜೀವನವೂ ಒಂದೇ ಮೀನನ್ನು ಅವಲಂಬಿಸಿರುವುದಷ್ಟೆ. ಕೋಡಿಬಾಗ ಸದಾಶಿವಗಡಗಳ ನಡುವಣ ಹಳೆಯ ಸೇತುವೆಯು ೨೦೨೪ರ ಆಗಸ್ಟಿನಲ್ಲಿ ಕುಸಿದು ನದಿಯಲ್ಲಿ ಬಿದ್ದಿತು. ಅಳಿವೆಯ ರೂಪವು ನಮ್ಮ ಕಣ್ಣೆದುರಿಗೇ ಬದಲಾಗುತ್ತಿದೆ.

ಇಂತಹ ಬದಲಾವಣೆಯನ್ನು ಅಳೆಯಲು ೧೮೯೮ರ ಪಟ್ಟಿಯು ಒಂದು ಅಳತೆಗೋಲು. ಇನ್ನೊಂದು ಅಳತೆಗೋಲು ಹಳ್ಳಿಯ ಮೀನುಗಾರರ, ಗಜನಿಯ ರೈತರ ಬಾಯಲ್ಲಿದೆ. ಕೊಂಕಣಿಯಲ್ಲಿಯೂ ಕನ್ನಡದಲ್ಲಿಯೂ ಅವರು ಪ್ರತಿಯೊಂದು ಹಕ್ಕಿಗೂ ಇಟ್ಟ ಹೆಸರುಗಳನ್ನು ಬರೆದಿಡುವ ಕೆಲಸವು ಬಹುಮಟ್ಟಿಗೆ ಬಾಕಿಯಿದೆ. ನಮ್ಮ ಪೂರ್ವಿಕರು ಈ ವಿಷಯದಲ್ಲಿ ನಮಗಿಂತ ಉದಾಸೀನರಾಗಿರಲಿಲ್ಲ. ಕಲ್ಯಾಣದ ಚಾಳುಕ್ಯಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಡೇಗೆಗಳ ವಿನೋದಕ್ಕೇ ಒಂದು ಪ್ರಕರಣವು ಮೀಸಲಾಗಿದೆ. ಇಮ್ಮಡಿ ನಾಗವರ್ಮನು ಅಭಿಧಾನವಸ್ತುಕೋಶವನ್ನೂ, ನಾಚಿರಾಜನು ಅಮರಕೋಶದ ಕನ್ನಡ ವ್ಯಾಖ್ಯಾನವನ್ನೂ ರಚಿಸಿದ್ದು ಸಂಸ್ಕೃತದ ಶಬ್ದವನ್ನು ಕನ್ನಡಿಗನಿಗೆ ತಿಳಿಯುವ ಮಾತಿನಿಂದ ವಿವರಿಸಬೇಕೆಂಬ ಉದ್ದೇಶದಿಂದಲೇ.

೬. ಉಪಸಂಹಾರ

ಮೇಲಿನ ವಿಚಾರದಿಂದ ಮೂರು ಕರ್ತವ್ಯಗಳು ಸಿದ್ಧವಾಗುತ್ತವೆ. ನಿಘಂಟುಗಳನ್ನು ಪರಿಷ್ಕರಿಸುವವರು ಪಕ್ಷಿನಾಮಗಳಿಗೆ ‘ಒಂದು ಜಾತಿಯ ಹಕ್ಕಿ’ ಎಂದು ಬರೆಯುವುದನ್ನು ಬಿಟ್ಟು, ಪಕ್ಷಿಶಾಸ್ತ್ರಜ್ಞರ ನೆರವಿನಿಂದ, ಪ್ರಯೋಗಭೇದಗಳನ್ನು ತೋರಿಸಿ ಅರ್ಥವನ್ನು ಕೊಡಬೇಕು. ಕಾರವಾರ, ಕುಮಟೆ, ಹೊನ್ನಾವರಗಳ ಉಪಾಧ್ಯಾಯರು ತಮ್ಮ ವಿದ್ಯಾರ್ಥಿಗಳಿಂದ ಹಕ್ಕಿಗಳ ದೇಶೀಯನಾಮಗಳನ್ನು ಊರೂರಿನಲ್ಲಿ ಸಂಗ್ರಹಿಸಿ, ಹಕ್ಕಿಯನ್ನು ನೋಡಿ ಗುರುತಿಸಿದ ದಿನ ಮತ್ತು ಸ್ಥಳಗಳೊಡನೆ ಬರೆದಿಡಿಸಬೇಕು. ಕಾವ್ಯವನ್ನು ಪಾಠಹೇಳುವವರು ವರ್ಷಕ್ಕೊಮ್ಮೆಯಾದರೂ, ಒಂದು ದುರ್ಬೀನನ್ನೂ ಇಳಿತದ ವೇಳೆಯ ಪಟ್ಟಿಯನ್ನೂ ಹಿಡಿದುಕೊಂಡು, ಕೋಡಿಬಾಗದ ದಡದಲ್ಲಿ ಎರಡು ಗಂಟೆಗಳ ಕಾಲ ಸುಮ್ಮನೆ ಕುಳಿತಿರಬೇಕು.

ಇವುಗಳಲ್ಲಿ ಕೊನೆಯದು ಹಗುರವಾದ ಸಲಹೆಯೆಂದು ಯಾರಿಗಾದರೂ ತೋರಿದರೆ ಅವರು ಕುರರವೊಂದನ್ನೇ ಮತ್ತೆ ಯೋಚಿಸಿನೋಡಬೇಕು. ನೂರಾರು ವರ್ಷಗಳಿಂದ ಅಧ್ಯಯನ ಅಧ್ಯಾಪನಗಳಲ್ಲಿರುವ ಶ್ಲೋಕದ ಅರ್ಥವು ಒಂದು ಮರಳುದಿಣ್ಣೆಯನ್ನು ಅವಲಂಬಿಸಿಕೊಂಡಿದೆ. ಆ ದಿಣ್ಣೆಯು ಇರುವವರೆಗೆ ಅರ್ಥವನ್ನು ಪರೀಕ್ಷಿಸಬಹುದು. ಅದು ಹೋದ ಮೇಲೆ ನಮಗುಳಿಯುವುದು ‘ಪಕ್ಷಿವಿಶೇಷಃ’ ಎಂಬ ಮಾತೊಂದೇ. ಈ ಲೇಖನದಲ್ಲಿ ಮಾಡಿರುವ ಅರ್ಥನಿರ್ಣಯವನ್ನು ವಿದ್ವಾಂಸರು ಇತರ ಪ್ರಯೋಗಗಳೊಡನೆ ಹೋಲಿಸಿ ಪರಿಶೀಲಿಸಬೇಕೆಂದೂ, ಟಿಟ್ಟಿಭ, ಕಾರಂಡವ, ಕಾದಂಬಾದಿ ಶಬ್ದಗಳನ್ನು ಇದೇ ಕ್ರಮದಿಂದ ವಿಚಾರಕ್ಕೆ ತೆಗೆದುಕೊಳ್ಳಬೇಕೆಂದೂ ಪ್ರಾರ್ಥಿಸುತ್ತೇನೆ.